ಒಂದು, ಎರಡನೇ ತರಗತಿ ಪೋಷಕರ ಗಮನಕ್ಕೆ: ಮಳೆಗಾಲದ ಪಾದರಕ್ಷೆ

ಎಲ್ಲರಿಗೂ ನಮಸ್ಕಾರ. ನಾಳೆಯಿಂದ ಮಳೆ ನಿಲ್ಲುವವರೆಗೆ ನಲಿ-ಕಲಿ (ಚಟುವಟಿಕೆಯ ಮೂಲಕ ಕಲಿಯುವ ತರಗತಿಗಳ) ಮಕ್ಕಳಿಗೆ ಶೂ, ಕಾಲುಚೀಲ ಬೇಡ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ ಕಳುಹಿಸಿ. ಹವಾಮಾನಕ್ಕೆ ತಕ್ಕಂತೆ ಶೂ ಬದಲು ಸ್ಯಾಂಡಲ್ ಕೊಳ್ಳಲು ಶಿಕ್ಷಣ ಇಲಾಖೆಯೇ 2023ರಲ್ಲಿ ಎಸ್‌ಡಿಎಂಸಿಗಳಿಗೆ (ಶಾಲಾಭಿವೃದ್ಧಿ ಸಮಿತಿಗಳಿಗೆ) ಅವಕಾಶ ಕೊಟ್ಟಿತ್ತು. ನಮ್ಮ ಮಲೆನಾಡಿಗೆ ಅದೇ ಸರಿ.

ಸೋಮವಾರ ಒಂದು ಮಗುವಿನ ಒದ್ದೆ ಕಾಲುಚೀಲ ಬಿಚ್ಚಿದೆ. ಬೆರಳ ಸಂದುಗಳೆಲ್ಲ ಬೆಳ್ಳಗಾಗಿ, ಚರ್ಮ ಸುಲಿದು ಬಂದಿತ್ತು. ಬೆಳಗಿನಿಂದ ಸಂಜೆವರೆಗೆ ಅದು ತುಟಿ ಬಿಚ್ಚದೆ ಕೂತಿತ್ತು. ಆ ಪಾದ ನೋಡಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹವಾಯಿ ಚಪ್ಪಲಿ ಮಾತ್ರ ಬೇಡ. ಪಾಚಿ ಕಟ್ಟಿದ ಅಂಗಳದಲ್ಲಿ ಓಡುವಾಗ ಜಾರುತ್ತದೆ. ದೀಪ ಮಿನುಗುವ, ಪೀಪೀ ಎನ್ನುವ ಜೋಡುಗಳೂ ಬೇಡ, ಇಡೀ ತರಗತಿಯ ಕಣ್ಣು ಅಲ್ಲೇ ನೆಡುತ್ತದೆ. ಹೊಸದು ಕೊಳ್ಳುವುದಾದರೆ ಮಗುವನ್ನು ಅಂಗಡಿಗೆ ಕರೆದೊಯ್ದು, ನಿಲ್ಲಿಸಿ ನೋಡಿ; ಬೆರಳ ಮುಂದೆ ಸ್ವಲ್ಪ ಜಾಗ ಉಳಿಯಬೇಕು. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಎರಡು ಅಳತೆ ದೊಡ್ಡದು ತಂದರೆ ಎಡವಿ ಬೀಳುತ್ತಾರೆ. ತಾವೇ ಹಾಕಿ ಬಿಚ್ಚುವಂತೆ ವೆಲ್ಕ್ರೋ ಪಟ್ಟಿ ಇದ್ದರೆ ಒಳ್ಳೆಯದು. ಒಳಗೆ ಹೆಸರು ಬರೆಯಿರಿ.

ಬೆಳಗ್ಗೆ ಹಾಕುವ ಮುನ್ನ ತಲೆಕೆಳಗು ಮಾಡಿ ಕೊಡವಿ. ಈ ದಿನಗಳಲ್ಲಿ ಚೇಳು, ಕಪ್ಪೆ ಒಳಗೆ ಸೇರಿರುತ್ತವೆ. ಸ್ಯಾಂಡಲ್ ಇಲ್ಲವೆಂದು ಯಾರೂ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ, ನನಗೆ ನೇರವಾಗಿ ತಿಳಿಸಿ.

— ತರಗತಿ ಶಿಕ್ಷಕಿ