ವಿಡಾಲ್ ಚೀಟಿ ಸಾಲದು: ಹುಬ್ಬಳ್ಳಿ-ಧಾರವಾಡದ ಮಹಾಪೌರರಿಗೆ ಬಹಿರಂಗ ಪತ್ರ

ಮಾನ್ಯ ಮಹಾಪೌರರಿಗೆ,

ಹಳೇ ಹುಬ್ಬಳ್ಳಿಯ ನಿವೃತ್ತ ಲ್ಯಾಬ್ ಟೆಕ್ನಿಷಿಯನ್ ಒಬ್ಬನ ನಮಸ್ಕಾರಗಳು. ಗಟಾರ, ಬೀದಿದೀಪದ ಅರ್ಜಿಗಳೇ ತಮ್ಮ ಮೇಜಿನ ತುಂಬ ಇರುತ್ತವೆ, ಗೊತ್ತು. ನಾನು ಕೇಳುತ್ತಿರುವುದು ಬಾಟಲಿ. ಜ್ವರದವರ ರಕ್ತ ಹಾಕಿ ರೋಗಾಣು ಬೆಳೆಸಿ ನೋಡುವ ಕಲ್ಚರ್ ಬಾಟಲಿ.

ಹೋದ ಮಳೆಗಾಲದಲ್ಲಿ ನನ್ನ ಮೊಮ್ಮಗನಿಗೆ ಐದು ದಿನವಾದರೂ ಜ್ವರ ಇಳಿಯಲಿಲ್ಲ. ಓಣಿಯ ಕ್ಲಿನಿಕ್ಕಿನಲ್ಲಿ ವಿಡಾಲ್ ಎಂಬ ಟೈಫಾಯ್ಡ್ ರಕ್ತಪರೀಕ್ಷೆ ಮಾಡಿಸಿದರು, "ಟೈಫಾಯ್ಡ್ ಅದರೀ" ಅಂದರು, ಸಂಜೆಗೇ ಸಲಾಯಿನ್ ಹಚ್ಚಿದರು. ಕಲ್ಚರಿಗೆ ರಕ್ತ ತಗೊಂಡ್ರೇನು ಎಂದು ಕೇಳಿದೆ. "ಮೂರು ದಿನ ಯಾರು ಕಾಯ್ತಾರ್ರೀ ಅಜ್ಜಾರ?" ಎರಡು ವಾರಕ್ಕೆ ಜ್ವರ ಮರಳಿತು. ಆಗ ಕಲ್ಚರ್ ಮಾಡಿಸಿದರೆ ಏನೂ ಬೆಳೆಯಲಿಲ್ಲ, ಮೈಯಲ್ಲಿ ಅಷ್ಟು ಆಂಟಿಬಯೋಟಿಕ್ ಸೇರಿತ್ತು. ಹುಡುಗ ಈಗ ಆರಾಮಿದ್ದಾನೆ. ಅವನನ್ನು ಕಾಡಿದ್ದು ಯಾವುದು ಎಂದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ವಿಡಾಲ್ 1896ರ ಪರೀಕ್ಷೆ. ಅದಕ್ಕೆ ರೋಗಾಣು ಕಾಣುವುದಿಲ್ಲ. ರೋಗಾಣುವಿನ ಮೈಮೇಲಿನ 'ಓ', 'ಎಚ್' ಎಂಬ ಗುರುತುಗಳಿಗೆ ನಮ್ಮ ರಕ್ತ ಪ್ರತಿಕಾಯ ತಯಾರಿಸಿದೆಯೇ ಎಂದಷ್ಟೇ ಹೇಳುತ್ತದೆ. ನಮ್ಮಂಥ ಊರಲ್ಲಿ ಎಂದೋ ಬಂದುಹೋದ ಸೋಂಕೂ ಪಾಸಿಟಿವ್ ತೋರಿಸಬಹುದು.

ಇನ್ನು ಆ ಗುರುತುಗಳೇ ಒಂದು ಸ್ಥಿತಿಯಲ್ಲಿ ನಿಲ್ಲುವುದಿಲ್ಲ. ಟೈಫಾಯ್ಡ್ ರೋಗಾಣುವಿಗೆ 'ವಿಐ' ಎಂಬ ಇನ್ನೊಂದು ಹೊದಿಕೆ ಇದೆ, 1934ರಲ್ಲಿ ಫೆಲಿಕ್ಸ್ ಮತ್ತು ಪಿಟ್ ಗುರುತಿಸಿದ್ದು. ಹೊದಿಕೆ ದಪ್ಪ ಇದ್ದರೆ ಸ್ಲೈಡಿನ ಮೇಲೆ 'ಓ' ಸೀರಂ, ಅಂದರೆ ಓ ಗುರುತು ಹಿಡಿಯುವ ಪ್ರತಿಕಾಯದ ದ್ರವ, ಹಾಕಿದರೂ ರೋಗಾಣು ಗಂಟುಗಟ್ಟದು, ಹಾಲಿನಂತೆ ಹಾಗೇ ನಿಂತಿರುತ್ತದೆ. ಕುದಿಸಿ, ಹೊದಿಕೆ ಕಳಚಿ, ಮತ್ತೆ ನೋಡಬೇಕು. ಅದನ್ನು ಹೆಣೆಯುವ ಜೀನ್‌ಗಳು ಸುಮಾರು 1,34,000 ಅಕ್ಷರಗಳ ಡಿಎನ್‌ಎ ತುಂಡೊಂದರಲ್ಲಿವೆ, ಆ ತುಂಡೇ ಸಡಿಲ. ಲ್ಯಾಬಿನಲ್ಲಿ ಮೇಲಿಂದ ಮೇಲೆ ಬೆಳೆಸಿದರೆ ಕೆಲವು ಅದನ್ನು ಪೂರ್ತಿ ಉದುರಿಸಿಕೊಂಡು ಬೋಳಾಗುತ್ತವೆ. ಅಪರೂಪಕ್ಕೆ ರೋಗಿಗಳ ರಕ್ತದಲ್ಲೂ ಅಂಥವು ಸಿಕ್ಕಿವೆ. ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಗುರಿ ಇಡುವುದು ಇದೇ ವಿಐ ಮೇಲೆ! ಟೈಫಾಯ್ಡಿನಂಥದೇ ಜ್ವರ ತರುವ ಪ್ಯಾರಾಟೈಫಾಯ್ಡ್ 'ಎ' ರೋಗಾಣುವಿಗಂತೂ ಆ ಹೊದಿಕೆ ಮೊದಲೇ ಇಲ್ಲ. ಲಸಿಕೆ ಬೇಡ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು, ಮೊಮ್ಮಗನಿಗೆ ನಾನೇ ಹಾಕಿಸುತ್ತೇನೆ. ಲಸಿಕೆ ಹಾಕಿದ ಮೇಲೂ ಜ್ವರ ಬಂದರೆ ಯಾವುದರಿಂದ ಬಂತು ಎಂದು ನೋಡುವವರು ಊರಲ್ಲಿರಬೇಕು.

1992ರಲ್ಲಿ ಮದ್ರಾಸಿನಲ್ಲಿ ಹೀಗೇ ಆಯಿತು. ಕಾಲರಾ ರೋಗಾಣು ಮೇಲ್ಮೈಯ ಸಕ್ಕರೆ ಸರಪಳಿಯನ್ನೇ ಬದಲಿಸಿಕೊಂಡು ಬಂತು. ಹಳೆಯ ಸೀರಂ ಹಿಡಿಯಲಿಲ್ಲ, ಹಳೆಯ ಕಾಲರಾ ಕೊಟ್ಟಿದ್ದ ರಕ್ಷಣೆಯೂ ನಡೆಯಲಿಲ್ಲ, ದೊಡ್ಡವರೇ ಹೆಚ್ಚು ಮಲಗಿದರು. ರೋಗಾಣುವನ್ನು ಬೆಳೆಸಿ ನೋಡಿದ್ದಕ್ಕೇ ಓ139 ಎಂಬ ಹೊಸ ತಳಿ ಅಂತ ಗೊತ್ತಾಯಿತು.

ಇಂಥ ರೋಗಾಣು ಬರುವ ದಾರಿ ನೀರು, ನಮ್ಮ ನಳದ ಕಥೆ ತಮಗೆ ಹೇಳಬೇಕಿಲ್ಲ. ಅವಳಿನಗರದಲ್ಲೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ನೀರು ಬರುವ ನಳಗಳ ಶೇ. 31.7ರಷ್ಟು ಮಾದರಿಗಳಲ್ಲಿ ಇ. ಕೋಲಿ, ಅಂದರೆ ನೀರಿಗೆ ಮಲ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ, ಸಿಕ್ಕಿತ್ತು. ದಿನದ 24 ತಾಸೂ ನೀರಿರುವ ವಾರ್ಡುಗಳಲ್ಲಿ ಶೇ. 0.7. ಪೈಪು ಖಾಲಿಯಾದಾಗ ಗಟಾರದ್ದು ಒಳಗೆ ಜಿನುಗುತ್ತದೆ, ಅಷ್ಟೇ ಲೆಕ್ಕ.

ಆದ್ದರಿಂದ ನನ್ನ ಬೇಡಿಕೆ: ಪಾಲಿಕೆ ವ್ಯಾಪ್ತಿಯ ಸರ್ಕಾರಿ 'ನಮ್ಮ ಕ್ಲಿನಿಕ್'ಗಳಲ್ಲಿ ಮೂರು ದಿನ ಮೀರಿದ ಜ್ವರಕ್ಕೆ, ಆಂಟಿಬಯೋಟಿಕ್ ಕೊಡುವ ಮುಂಚೆ, ರಕ್ತ ಬಾಟಲಿಗೆ ಹೋಗಲಿ. ಬಾಟಲಿ ಅದೇ ದಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಲ್ಯಾಬಿಗೆ ತಲುಪಲಿ. ಬೆಳೆದದ್ದಕ್ಕೆ ವಿಐ ಇದೆಯೋ ಇಲ್ಲವೋ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಬರೆದಿಡಲಿ. ಜತೆಗೆ ವಾರ್ಡಿನ ಸಂಖ್ಯೆಯೂ ಇರಲಿ, ನೀರಿನವರಿಗೆ ಅದು ಬೇಕಾಗುತ್ತದೆ. ಟೈಫಾಯ್ಡ್ ಇರುವವರಲ್ಲಿ ಕಲ್ಚರಿಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ಜನ. ಸಿಕ್ಕ ಆ ಅರ್ಧದ ಬಗ್ಗೆಯಾದರೂ ಖಾತ್ರಿಯಾಗಿ ಮಾತಾಡಬಹುದು.

ಬಾಟಲಿ ಬಂದ ದಿನ ಹೇಳಿ ಕಳಿಸಿ. ಸೂಜಿ ಚುಚ್ಚುವ ಮುಂಚೆ ಬೂಚನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಡುವುದನ್ನು ಹುಡುಗರಿಗೆ ನಾನೇ ಬಂದು ಕಲಿಸುತ್ತೇನೆ. ಅವಸರ ಮಾಡಿ ಬಾಟಲಿ ಕೆಡಿಸುವುದು ಅಲ್ಲೇ.

ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಹಳೇ ಹುಬ್ಬಳ್ಳಿ