ಸಂಜೆಯ ಇಂಗ್ಲಿಷ್ ಪಾಠಕ್ಕೆ ಕೂರುವ ಗೆಳೆಯನಿಗೆ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಊರಿಗೆ ಮರಳಿದ ಮೇಲೆ ಓಣಿಯ ಹತ್ತನೆಯ ತರಗತಿಯ ಮಕ್ಕಳನ್ನು ಸಂಜೆ ಜಗಲಿಯಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಹೋಂವರ್ಕ್ ಮಾಡಿಸುತ್ತಿರುವುದನ್ನು ಓದಿ ಬಹಳ ಸಂತೋಷವಾಯಿತು. ಮಕ್ಕಳು ಉತ್ತರವನ್ನಷ್ಟೇ ಕೇಳುತ್ತಾರೆಂಬ ನಿನ್ನ ಬೇಸರ ನನಗೂ ಗೊತ್ತಿರುವಂಥದ್ದೇ.

ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿರುವುದರಿಂದ ಈ ಮಕ್ಕಳಿಗೆ ಆ ಭಾಷೆ ಹೊಸದಲ್ಲ. ಆದರೆ ಗದ್ಯಭಾಗವನ್ನು ಓದದೆಯೇ ಉತ್ತರ ಬರೆಯುವುದನ್ನು ಅವರು ಕಲಿತುಬಿಟ್ಟಿದ್ದಾರೆ. ಪ್ರಶ್ನೆಯಲ್ಲಿರುವ ಒಂದು ಪದವನ್ನು ಗದ್ಯದಲ್ಲಿ ಹುಡುಕಿ, ಅದು ಸಿಕ್ಕ ಸಾಲನ್ನು ಪೂರ್ಣವಿರಾಮದವರೆಗೆ ನಕಲು ಮಾಡುತ್ತಾರೆ. ಕೆಲವೊಮ್ಮೆ ಅದಕ್ಕೆ ಅಂಕವೂ ಬರುವುದರಿಂದ ಆ ಅಭ್ಯಾಸ ಗಟ್ಟಿಯಾಗುತ್ತದೆ. 'ಏಕೆ' ಎಂಬ ಪ್ರಶ್ನೆ ಬಂದಾಗ ಮಾತ್ರ ಕಾರಣ ಎರಡು ಸಾಲು ಹಿಂದೆಯೇ ಇದ್ದರೂ ಅವರ ಕಣ್ಣಿಗೆ ಬೀಳುವುದಿಲ್ಲ. ನಾನು ಪುಸ್ತಕ ಮುಚ್ಚಿಸಿ, ಓದಿದ್ದನ್ನು ಕನ್ನಡದಲ್ಲಿ ಹೇಳಿಸುತ್ತೇನೆ. ಅನಂತರ ಪುಸ್ತಕ ತೆರೆಸಿ, 'ಇಟ್', 'ದೇ' ಎಂದು ಬಂದಲ್ಲೆಲ್ಲ ಅದು ಯಾವುದು, ಅವರು ಯಾರು ಎಂದು ಬೆರಳಿಟ್ಟು ತೋರಿಸಲು ಹೇಳುತ್ತೇನೆ. ಇಂಗ್ಲಿಷ್ ಪಾಠದಲ್ಲಿ ಕನ್ನಡವೇ ಕೂಡದೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅರ್ಥವಾಯಿತೋ ಇಲ್ಲವೋ ಎಂಬುದು ಮಗುವಿನ ಸ್ವಂತ ಮಾತಿನಲ್ಲಿಯೇ ಮೊದಲು ತಿಳಿಯುತ್ತದೆ.

ವ್ಯಾಕರಣಕ್ಕೂ ಕನ್ನಡದಿಂದಲೇ ಹೊರಡು. ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರು ವರದಿ ಮಾಡುವ ರೀತಿ, ಅವರಿಗೆ ಅಷ್ಟು ಕಷ್ಟವಾಗುವುದೇಕೆಂದು ಕೇಳಿದ್ದೀಯೆ. 'ನಾನು ನಾಳೆ ಬರುತ್ತೇನೆ ಎಂದು ರವಿ ಹೇಳಿದ' ಎಂಬ ವಾಕ್ಯವನ್ನು ನೋಡು. ರವಿಯ ಮಾತನ್ನು ಒಂದಕ್ಷರವೂ ಬದಲಿಸದೆ ಇಟ್ಟು, ಮುಂದೆ 'ಎಂದು' ಸೇರಿಸಿದರೆ ನಮಗೆ ಸಾಕು. ಇಂಗ್ಲಿಷಿನಲ್ಲಿ ವರದಿ ಮಾಡುವವನು ತಾನು ನಿಂತ ಜಾಗದಿಂದ, ತಾನು ಮಾತಾಡುವ ಹೊತ್ತಿನಿಂದ ನೋಡಿ ಹೇಳುತ್ತಾನೆ. ಆದ್ದರಿಂದ 'ನಾನು' ಹೋಗಿ 'ಅವನು' ಬರುತ್ತದೆ, 'ನಾಳೆ' ಮರುದಿನವಾಗುತ್ತದೆ, 'ವಿಲ್' ಇದ್ದದ್ದು 'ವುಡ್' ಆಗುತ್ತದೆ. ಗೈಡಿನ ಬದಲಾವಣೆಯ ಪಟ್ಟಿಯನ್ನು ಬಾಯಿಪಾಠ ಮಾಡಿದ ಮಕ್ಕಳು ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುತ್ತಾರೆ. ಒಬ್ಬಳ ಮಾತನ್ನು ಇನ್ನೊಬ್ಬಳು ಒಂದು ವಾರ ಕಳೆದು ಮೂರನೆಯವಳಿಗೆ ತಲುಪಿಸುವಂತೆ ಆಡಿಸಿದರೆ, 'ನಾಳೆ' ಏಕೆ ನಿಲ್ಲುವುದಿಲ್ಲವೆಂದು ಅವರೇ ಹೇಳುತ್ತಾರೆ.

ಆರ್ಟಿಕಲ್, ಅಂದರೆ ನಾಮಪದಕ್ಕೆ ಮೊದಲು ಬರುವ 'ಎ', 'ಆನ್'ಗಳ ವಿಷಯದಲ್ಲಿ ನಮ್ಮ ವರ್ಣಮಾಲೆ ದೊಡ್ಡ ಆಸರೆ. ಮುಂದಿನ ಪದದ ಉಚ್ಚಾರಣೆ ಸ್ವರದಿಂದ ಆರಂಭವಾದರೆ 'ಆನ್', ವ್ಯಂಜನದಿಂದಾದರೆ 'ಎ'. 'ಎ, ಇ, ಐ, ಓ, ಯು' ಎಂಬ ಐದು ಅಕ್ಷರಗಳನ್ನು ನಂಬಿದ ಹುಡುಗ 'ಆನ್ ಯೂನಿವರ್ಸಿಟಿ', 'ಎ ಅವರ್' ಎಂದು ಬರೆಯುತ್ತಾನೆ. ಆ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿದರೆ 'ಯೂ' ವ್ಯಂಜನದಿಂದ, 'ಅ' ಸ್ವರದಿಂದ ಆರಂಭವಾಗುವುದು ಕಣ್ಣಿಗೇ ಕಾಣುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು: ನಮ್ಮ ನಾಲಿಗೆ ಮೊಟ್ಟೆಯನ್ನು 'ಯೆಗ್' ಎನ್ನುವುದರಿಂದ ಮಕ್ಕಳು ಅದನ್ನು ಹಾಗೆಯೇ ಬರೆದು, 'ಎ' ಹಾಕಿಬಿಡುತ್ತಾರೆ. ಅಲ್ಲಿ ಮೊದಲು ಉಚ್ಚಾರಣೆಯನ್ನು ತಿದ್ದು.

ಕ್ವೆಶ್ಚನ್ ಟ್ಯಾಗ್, ಅಂದರೆ ವಾಕ್ಯದ ಕೊನೆಗೆ ಸೇರಿಸುವ ಪುಟ್ಟ ಪ್ರಶ್ನೆ, ಸುಲಭ. ನಮ್ಮ ಒಂದೇ 'ಅಲ್ಲವೇ' ಎಲ್ಲೆಡೆ ಸಲ್ಲುತ್ತದೆ, ಇಂಗ್ಲಿಷಿನಲ್ಲಿ ಅದು ಕ್ರಿಯಾಪದವನ್ನೂ ಕರ್ತೃವನ್ನೂ ಅನುಸರಿಸುತ್ತದೆ ಎಂದು ತಿಳಿಸಿ ಹತ್ತು ವಾಕ್ಯ ಬರೆಸಿದರೆ ಸಾಕು.

ಮೂಲೆಯಲ್ಲಿ ಕೂರುವ ಹುಡುಗಿ ಬಾಯಿಯನ್ನೇ ಬಿಡುವುದಿಲ್ಲವೆಂದು ಬರೆದಿದ್ದೀಯೆ. ಅವಳನ್ನು ಸದ್ಯಕ್ಕೆ ಇಂಗ್ಲಿಷಿನಲ್ಲಿ ಏನೂ ಕೇಳಬೇಡ. ನಾಳೆಯ ಗದ್ಯಭಾಗವನ್ನು ನೀನೇ ಗಟ್ಟಿಯಾಗಿ, ನಿಧಾನವಾಗಿ ಓದು. ಮುಂದೇನಾಗಬಹುದೆಂದು ನಡುವೆ ನಿಲ್ಲಿಸಿ ಅವಳನ್ನು ಕನ್ನಡದಲ್ಲಿ ಕೇಳು. ಅವಳು ಏನು ಹೇಳಿದಳೆಂಬುದನ್ನು ಅವಳ ಮಾತಿನಲ್ಲಿಯೇ ನನಗೆ ಬರೆದು ಕಳುಹಿಸು.

ನಿನ್ನ ಗೆಳೆಯ