ಸಂತೋಷದಿಂದ ಮೂರ್ಛೆ ಹೋದವಳ ಬಗ್ಗೆ ಒಂದು ಪತ್ರ

ಪ್ರೀತಿಯ ಕಿರಿಯ ಗೆಳೆಯರಿಗೆ, ನಮಸ್ಕಾರ.

ನಿಮ್ಮ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆ. ಇದೂ ಚೆನ್ನಾಗಿಲ್ಲವೆಂದಾದರೆ ಬರೆಯುವುದನ್ನೇ ಬಿಡುತ್ತೇನೆ ಎಂದು ಜೊತೆಗಿಟ್ಟ ಕಾಗದದಲ್ಲಿ ಹೇಳಿದ್ದೀರಿ. ಆ ಮಾತು ನನಗೆ ನೋವು ತಂದಿತು. ಬಿಡಬೇಡಿ. ಅಧ್ಯಾಯಗಳ ಉದ್ದ, ಶೀರ್ಷಿಕೆ, ಪ್ರಕಾಶಕರು ಇವೆಲ್ಲದರ ಬಗ್ಗೆ ನೀವು ಕೇಳಿದ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ. ಅವನ್ನು ಯಾರಾದರೂ ಹೇಳಿಕೊಟ್ಟಾರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ವಾಕ್ಯ. ಎಷ್ಟೋ ವರ್ಷಗಳ ಮೇಲೆ ಅಣ್ಣನ ಕಾಗದ ಕೈಸೇರಿದಾಗ ನಿಮ್ಮ ನಾಯಕಿ "ಆನಂದಾತಿರೇಕದಿಂದ ಮೂರ್ಛೆ ಹೋದಳು" ಎಂದು ಬರೆದಿದ್ದೀರಿ. ಮರುವಾಕ್ಯದಲ್ಲೇ ಅವಳು ಅಮ್ಮನನ್ನು ಕೂಗುತ್ತಾ ಒಳಗೆ ಓಡುತ್ತಾಳೆ.

ಮೂರ್ಛೆ ಹೋದವಳು ಓಡುವುದು ಹೇಗೆ? ಮಿದುಳಿಗೆ ಹೋಗುವ ರಕ್ತ ಒಂದು ಕ್ಷಣ ಕಡಿಮೆಯಾದಾಗ ಮನುಷ್ಯರು ಎಚ್ಚರ ತಪ್ಪುತ್ತಾರೆ. ಬೀಳುವ ಮುಂಚೆ ಮುಖ ಬಿಳಿಚಿಕೊಳ್ಳುತ್ತದೆ, ತಣ್ಣನೆಯ ಬೆವರು ಬರುತ್ತದೆ, ಕಿವಿ ಗುಂಯ್‌ಗುಡುತ್ತದೆ, ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಎದ್ದ ಮೇಲೂ ಸ್ವಲ್ಪ ಹೊತ್ತು ಕೈಕಾಲಿನಲ್ಲಿ ಬಲವಿರುವುದಿಲ್ಲ. ಅತಿಯಾದ ಸಂತೋಷದಿಂದಲೂ ಹೀಗಾಗುವುದುಂಟು, ಆದರೆ ಅದು ಅಪರೂಪ. ನಿಮ್ಮ ಹುಡುಗಿಗೆ ನಿಜವಾಗಿಯೂ ಹಾಗಾಗಿದ್ದರೆ ಈ ಬೆವರು, ಈ ಕತ್ತಲೆ ನಿಮ್ಮ ಪುಟದಲ್ಲಿ ಎಲ್ಲಿವೆ?

ಆ ಪದವನ್ನೇ ಸ್ವಲ್ಪ ಬಿಡಿಸಿ ನೋಡಿ. ಸಂಸ್ಕೃತದ 'ಮೂರ್ಛ್' ಧಾತುವಿಗೆ ಗಟ್ಟಿಯಾಗುವುದು, ಹೆಪ್ಪುಗಟ್ಟುವುದು ಎಂಬ ಅರ್ಥವಿದೆ. 'ಮೂರ್ತಿ' ಹುಟ್ಟಿದ್ದೂ ಅಲ್ಲಿಂದಲೇ. ನಮ್ಮ ಹಿರಿಯರು ಮೂರ್ಛೆಯಿಂದ ಏಳುವುದನ್ನು "ಮೂರ್ಛೆ ತಿಳಿದೆದ್ದಳು" ಎಂದು ಹೇಳುತ್ತಿದ್ದರು. ಕದಡಿದ ನೀರು ತಿಳಿಯಾಗುತ್ತದಲ್ಲ, ಅದೇ 'ತಿಳಿ'. ಒಂದು ಪದ ಹೆಪ್ಪುಗಟ್ಟಿಸುತ್ತದೆ, ಇನ್ನೊಂದು ತಿಳಿಗೊಳಿಸುತ್ತದೆ. ಬೇರೆ ಬೇರೆ ಭಾಷೆಗಳಿಂದ ಬಂದ ಎರಡು ಪದಗಳು ಹೀಗೆ ಒಂದಕ್ಕೊಂದು ಹೊಂದಿಕೊಂಡು ಕೂತಿರುವುದನ್ನು ಕಂಡಾಗಲೆಲ್ಲ ನನಗೆ ಇಂದಿಗೂ ಮೈ ನವಿರೇಳುತ್ತದೆ.

ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳಿವೆ, ಅಂದರೆ ಒಳಗಿನ ಭಾವ ತಾನಾಗಿಯೇ ಮೈಮೇಲೆ ತೋರುವ ಬಗೆಗಳು. ಎಚ್ಚರ ತಪ್ಪುವುದಕ್ಕೆ ಅಲ್ಲಿರುವ ಹೆಸರು 'ಪ್ರಲಯ', ಲೋಕವೇ ಮುಳುಗಿಹೋಗುವುದಕ್ಕೆ ಇರುವ ಹೆಸರು. ಭರತನು ಸ್ತಂಭಕ್ಕೆ (ಮೈ ಮರಗಟ್ಟಿ ನಿಲ್ಲುವುದಕ್ಕೆ), ಬೆವರಿಗೆ, ರೋಮಾಂಚಕ್ಕೆ ಹರ್ಷವನ್ನೂ ಒಂದು ಕಾರಣವಾಗಿ ಹೆಸರಿಸುತ್ತಾನೆ. ಆದರೆ ಪ್ರಲಯಕ್ಕೆ ಬಂದಾಗ ಶ್ರಮ, ಮದ, ನಿದ್ರೆ, ಪೆಟ್ಟು, ಮೋಹ ಮುಂತಾದವನ್ನು ಹೇಳಿ ಹರ್ಷದ ಹೆಸರೆತ್ತುವುದಿಲ್ಲ. ಸುಖದಿಂದಲೂ ಪ್ರಲಯ ಉಂಟಾಗುತ್ತದೆಂದು 14ನೆಯ ಶತಮಾನದ ವಿಶ್ವನಾಥ ಸಾಹಿತ್ಯದರ್ಪಣವೆಂಬ ತನ್ನ ಕಾವ್ಯಶಾಸ್ತ್ರ ಗ್ರಂಥದಲ್ಲಿ ಹೇಳಿದ್ದಾನೆ, ಆದ್ದರಿಂದ ನಿಮ್ಮ ವಾಕ್ಯಕ್ಕೆ ಶಾಸ್ತ್ರದ ಆಧಾರವಿಲ್ಲವೆಂದು ನಾನು ಹೇಳಲಾರೆ. ಆದರೂ ನಟನನ್ನು ರಂಗದ ಮೇಲೆ ನಿಲ್ಲಿಸಿ ಯೋಚಿಸುತ್ತಿದ್ದ ಭರತನ ಪಟ್ಟಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಇನ್ನು ಕನ್ನಡದ್ದೇ ಆದ ಮಾತುಗಳನ್ನು ನೋಡಿ. ಹಿಗ್ಗುವುದು, ಉಬ್ಬುವುದು, ಮುಖವರಳುವುದು: ಸಂತೋಷಪಟ್ಟ ಮೈ ನಮ್ಮ ಭಾಷೆಯಲ್ಲಿ ದೊಡ್ಡದಾಗುತ್ತದೆ, ತೆರೆದುಕೊಳ್ಳುತ್ತದೆ. ಎಚ್ಚರ ತಪ್ಪುವುದು, ಬವಳಿ ಬರುವುದು, ಕಣ್ಣಿಗೆ ಕತ್ತಲೆ ಕಟ್ಟುವುದು: ಇಲ್ಲಿ ಏನೋ ಕೈಬಿಟ್ಟು ಹೋಗುತ್ತದೆ, ಇಲ್ಲವೇ ಮುಚ್ಚಿಕೊಳ್ಳುತ್ತದೆ. ಇವೆರಡೂ ಕೂಡುವ ಜಾಗದಲ್ಲಿ 'ಮೈಮರೆ' ಎಂಬ ಪದವಿದೆ. ಹಳೆಯ ಕಾವ್ಯದ ಯೋಧ ಪೆಟ್ಟು ತಿಂದು ಮೈಮರೆಯುತ್ತಾನೆ, ಸಂಗೀತ ಕೇಳುವವರು ಕೂತಲ್ಲೇ ಮೈಮರೆಯುತ್ತಾರೆ, ಕಾವಲಿನವನು ಮೈಮರೆತರೆ ಅದು ತಪ್ಪಾಗುತ್ತದೆ. ಇಷ್ಟು ಅರ್ಥ ಹೊರಬಲ್ಲ ಪದವನ್ನು ನೀವು ಇಡೀ ಹಸ್ತಪ್ರತಿಯಲ್ಲಿ ಒಮ್ಮೆಯೂ ಮುಟ್ಟಿಲ್ಲ. 'ಆನಂದಾತಿರೇಕ' ಮಾತ್ರ ಒಂಬತ್ತು ಕಡೆ ಇದೆ. ಇದಕ್ಕೆ ನನಗೆ ಸಿಟ್ಟು ಬಂತು, ಏಕೆಂದರೆ ನಿಮಗೆ ಕಿವಿಯಿದೆ. ಅಜ್ಜ ಕನ್ನಡಕ ಹುಡುಕುವ ಪುಟವನ್ನು ಬರೆದ ಕೈಗೆ ಇದು ತಿಳಿಯದ್ದಲ್ಲ.

ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ನನ್ನದೇ ಒಂದು ಕಾರಣವಿದೆ. ಮೂರು ವರ್ಷ ಸುದ್ದಿಯೇ ಇಲ್ಲದಿದ್ದ ಮಗ ಮನೆಗೆ ಮರಳಿದ ದಿನ ನನ್ನ ಅಕ್ಕ ಬಟ್ಟೆ ಹಿಂಡುತ್ತಿದ್ದಳು. ಅವನನ್ನು ಕಂಡವಳೇ ಒದ್ದೆ ಬಟ್ಟೆಯನ್ನು ಮಡಿಲಲ್ಲಿ ಹಿಡಿದುಕೊಂಡು ಕೂತುಬಿಟ್ಟಳು. ನೀರೆಲ್ಲ ಸೀರೆಗೆ ಇಳಿಯುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ. ನಾನು ಅದನ್ನು ಕಥೆ ಮಾಡಿ, "ಮೂರ್ಛಿತಳಾಗಿ ಧರೆಗುರುಳಿದಳು" ಎಂದು ಬರೆದೆ. ಅಂದಿನ ಒಬ್ಬ ದೊಡ್ಡ ವಿಮರ್ಶಕರು ಅದೇ ಸಾಲನ್ನು ಎತ್ತಿ ಹೊಗಳಿದರು. ಅಕ್ಕ ಓದಿ, "ನಾನು ಬೀಳಲಿಲ್ಲವಲ್ಲೋ, ಕೂತೇ ಇದ್ದೆ" ಎಂದಳು. ಎರಡನೆಯ ಮುದ್ರಣಕ್ಕೆ ಮುಂಚೆ ತಿದ್ದಬಹುದಾಗಿತ್ತು. ಹೊಗಳಿಸಿಕೊಂಡ ಸಾಲೆಂದು ಬಿಟ್ಟೆ. ಆ ವಿಮರ್ಶಕರ ಮೇಲೆ ಬಹಳ ಕಾಲ ಮುನಿಸಿಕೊಂಡಿದ್ದೆ, ತಪ್ಪು ಅವರದೇ ಎಂಬಂತೆ. ಮೂರನೆಯ ಮುದ್ರಣದಲ್ಲಿ ಬಟ್ಟೆಯನ್ನೂ ನೀರನ್ನೂ ಮರಳಿ ತಂದೆ; ಅಷ್ಟು ಹೊತ್ತಿಗೆ ಓದಲು ಅಕ್ಕ ಇರಲಿಲ್ಲ.

ಹಸ್ತಪ್ರತಿಯನ್ನು ಹಿಂದಿರುಗಿಸುತ್ತಿದ್ದೇನೆ. ಆ ಒಂದು ಸಾಲಿನ ಹೊರತು ಬೇರೆಲ್ಲೂ ಗುರುತು ಹಾಕಿಲ್ಲ. ಅಣ್ಣನ ಕಾಗದ ಬಂದಾಗ ಅವಳು ನಿಂತಿದ್ದಳೇ, ಕೂತಿದ್ದಳೇ? ಅವಳ ಕೈಯಲ್ಲಿ ಏನಿತ್ತು? ಬರೆದು ಕಳುಹಿಸಿ, ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ಹಿತೈಷಿ